ಬಾಣಂತಿಯ ನಂಜು

ಧಾರವಾಡ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ಶಿಗ್ಗಾಂವಿ ಬಳಿಯ ದುಂಡಸಿಯ ಸೀಮೆಯ ಹಳ್ಳಿಗಳಲ್ಲಿ ಹೆರಿಗೆಯೆಂಬುದು ಬಹುಮಟ್ಟಿಗೆ ಸೂಲಗಿತ್ತಿಯ ಕೈಯಲ್ಲಿಯೇ ನಡೆಯುತ್ತಿದ್ದಿತು. ಕತ್ತಲೆಗೋಣೆ, ಅಗ್ಗಿಷ್ಟಿಕೆಯ ಕೆಂಡ, ಲೋಬಾನದ ಹೊಗೆ, ಹೊಕ್ಕಳುಬಳ್ಳಿಗೊಂದು ಕುಡಗೋಲು, ಇವಿಷ್ಟೇ ಅಂದಿನ ಸಲಕರಣೆ. ಮೂರನೆಯ ದಿನ ಚಳಿಜ್ವರವೇರಿ, ಹೊಟ್ಟೆಯುಬ್ಬಿ, ತಾಯಿಯು ಬಡಬಡಿಸತೊಡಗಿದರೆ ಅದನ್ನು ಬಾಣಂತಿ ಸನ್ನಿಯೆಂದು ಕರೆದು ಗಾಳಿಯನ್ನು ದೂರುತ್ತಿದ್ದರು. ದೂರಬೇಕಾದುದು ಅನೇಕ ವೇಳೆ ತೊಳೆಯದ ಕೈಯನ್ನು. ಆದರೆ ಸೂಲಗಿತ್ತಿಯನ್ನು ಹಳಿಯುವವರು, 1847ರಲ್ಲಿ ವೈದ್ಯ ಸೆಮ್ಮೆಲ್‌ವೈಸನು ಕೈತೊಳೆಯಿರೆಂದಾಗ ವಿಯೆನ್ನಾದ ಪಂಡಿತವೈದ್ಯರಲ್ಲಿಯೂ ಹಲವರು ಮುನಿದರೆಂಬುದನ್ನು ಮರೆಯಬಾರದು. 1879ರಲ್ಲಿ ಪಾಶ್ಚರನು ಈ ರೋಗದಲ್ಲಿ ಸರಪಣಿಯಂತೆ ಜೋಡಿಸಿಕೊಂಡ ಸೂಕ್ಷ್ಮಜೀವಿಯನ್ನು ತೋರಿಸಿಕೊಟ್ಟನು.

ಸ್ಟ್ರೆಪ್ಟೊಕಾಕಸ್ ಎಂಬ ಆ ಸೂಕ್ಷ್ಮಜೀವಿಯು ಅಷ್ಟು ಶೀಘ್ರವಾಗಿ ಹಬ್ಬುವುದಕ್ಕೆ ಅದರ ಸ್ರಾವಗಳೂ ನೆರವಾಗುತ್ತವೆ. ಹಯಲುರೊನಿಡೇಸ್ ಎಂಬ ಕಿಣ್ವವು ಜೀವಕೋಶಗಳ ನಡುವಣ ಬಂಧಕವಸ್ತುವನ್ನು ಕರಗಿಸುತ್ತದೆ. ದೇಹವು ಸೋಂಕಿನ ಸುತ್ತ ಕಟ್ಟುವ ಫೈಬ್ರಿನ್ ಒಡ್ಡನ್ನು ಕೆಡಹುವುದಾದರೋ, 1933ರಲ್ಲಿ ಟಿಲೆಟ್ ಮತ್ತು ಗಾರ್ನರ್ ಪ್ರಕಟಪಡಿಸಿದ ಸ್ಟ್ರೆಪ್ಟೊಕೈನೇಸ್. ಇದು ಸ್ವತಃ ಏನನ್ನೂ ಛೇದಿಸದು, ನಮ್ಮ ರಕ್ತದಲ್ಲಿ ಸುಪ್ತವಾಗಿರುವ ಪ್ಲಾಸ್ಮಿನೋಜನ್ನನ್ನೇ ಎಚ್ಚರಿಸಿ ಮನೆಯವರಿಂದಲೇ ಮನೆ ಮುರಿಸುತ್ತದೆ! ಈ ದ್ರೋಹಿಯೇ ಮುಂದೆ ಹೃದಯಾಘಾತದಲ್ಲಿ ರಕ್ತದ ಹೆಪ್ಪನ್ನು ಕರಗಿಸುವ ಔಷಧವೂ ಆಯಿತು.

1936ರಲ್ಲಿ ಲಂಡನ್ನಿನ ವೈದ್ಯ ಕೋಲ್‌ಬ್ರೂಕನು ಪ್ರಾಂಟೊಸಿಲ್ ಎಂಬ ಔಷಧವನ್ನು ಕೊಟ್ಟು ಬಾಣಂತಿಯರನ್ನು ಬದುಕಿಸತೊಡಗಿದನು. ಆದರೆ ದುಂಡಸಿಯವರಿಗೆ ಸಮೀಪದ ನಗರವಾದ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಸ್ಥಾಪಿತವಾದುದು 1957ರಲ್ಲಿ.