ಅಟ್ಟ

ಮನೆಯ ನೆಲಕ್ಕೂ ಮಾಡಿಗೂ ನಡುವೆ, ತೊಲೆಗಳ ಮೇಲೆ ಹಲಗೆಯನ್ನಾಗಲಿ ಬಿದಿರನ್ನಾಗಲಿ ಅಡಕೆಯ ದಬ್ಬೆಯನ್ನಾಗಲಿ ಹಾಸಿ, ಸದ್ಯಕ್ಕೆ ಬೇಡವಾಗಿಯೂ ಮುಂದೆ ಬೇಕಾಗುವ ವಸ್ತುಗಳನ್ನಿರಿಸಲು ಮಾಡಿಕೊಂಡ ಎತ್ತರದ ಸ್ಥಳ. ಕರ್ನಾಟಕದ ಮಲೆನಾಡು, ಕರಾವಳಿ ಮತ್ತು ತೆಂಗಿನ ಸೀಮೆಯ ಹೆಂಚಿನ ಮನೆಗಳಲ್ಲಿ ಇದರ ಪೂರ್ಣರೂಪವನ್ನು ಕಾಣಬಹುದು. ಮಣ್ಣಿನ ಮಾಳಿಗೆಯ ಬಯಲುಸೀಮೆಯಲ್ಲಿ ಇದರ ಕಾರ್ಯವನ್ನು ಹಗೇವು, ಕಣಜ, ಗೋಡೆಯ ಗೂಡು, ನಾಗಂದಿಗೆ ಮೊದಲಾದವು ಬಹುಮಟ್ಟಿಗೆ ಹಂಚಿಕೊಂಡಿವೆ. ಅಟ್ಟವೆಂದರೆ ಹಳೆಯ ಸಾಮಾನುಗಳ ರಾಶಿಯೆಂದು ಭಾವಿಸುವುದು ಈಚಿನ ರೂಢಿ; ಮೂಲತಃ ಅದು, ಏರಿದ ವಸ್ತು ಗೊತ್ತಾದ ಕಾಲಕ್ಕೆ ಇಳಿಯತಕ್ಕದ್ದೆಂಬ ನಿಯಮಕ್ಕೆ ಒಳಪಟ್ಟಿದ್ದ ಉಗ್ರಾಣ.

ಶಬ್ದವಿಚಾರ

ಈ ಶಬ್ದವು ಕನ್ನಡ, ತುಳು, ತಮಿಳುಗಳಲ್ಲಿ ಅಲ್ಪಸ್ವಲ್ಪ ಭೇದದೊಡನೆ ಇದೆ. ಸಂಸ್ಕೃತದಲ್ಲಿಯೂ ಎತ್ತರದ ಕಟ್ಟಡವೆಂಬರ್ಥದಲ್ಲಿ ದೊರೆಯುವುದಲ್ಲದೆ, ಕೌಟಿಲ್ಯನ ಅರ್ಥಶಾಸ್ತ್ರದ ದುರ್ಗವಿಧಾನದಲ್ಲಿ ಕೋಟೆಯ ಕಾವಲುಗೋಪುರಕ್ಕೆ ಅಟ್ಟಾಲಕವೆಂದು ಹೆಸರು. ಯಾವುದು ಯಾವುದರಿಂದ ಬಂದಿತೆಂಬುದರಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಹೊಲ ಕಾಯಲು ಕಟ್ಟುವ ಅಟ್ಟಣೆಯೂ ಇದೇ ಕುಲದ ಮಾತು. ‘ಹೊಗಳಿ ಅಟ್ಟಕ್ಕೇರಿಸು’ ಎಂಬ ನುಡಿಗಟ್ಟಿನಲ್ಲಿ ಗೌರವವೂ ಪರಿಹಾಸವೂ ಒಟ್ಟಿಗಿವೆ.

ರಚನೆ

ಕರಾವಳಿಯ ಹಳೆಯ ಮನೆಗಳಲ್ಲಿ ಹಲಗೆಯ ಮುಚ್ಚಿಗೆಯ ಮೇಲೆ ಮಣ್ಣು ಮೆತ್ತುವ ಪದ್ಧತಿಯಿತ್ತು. ಇದರಿಂದ ಕೆಳಗಿನ ಕೋಣೆಗಳು ತಂಪಾಗಿರುತ್ತಿದ್ದುದಲ್ಲದೆ, ಹುಲ್ಲಿನ ಮಾಡಿಗೆ ಬೆಂಕಿ ತಗುಲಿದಾಗ ಕೆಳಗಿನ ಮನೆಗೆ ಒಂದಿಷ್ಟು ರಕ್ಷಣೆಯೂ ದೊರೆಯುತ್ತಿದ್ದಿತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ತರುವಾಯ ಹುಲ್ಲಿನ ಮಾಡು ಕ್ರಮೇಣ ಹಿಂದೆ ಸರಿದು, ಅಟ್ಟದ ಮೇಲಣ ಅಗ್ನಿಭಯವೂ ತಗ್ಗಿತೆಂದು ಊಹಿಸಬಹುದು.

ಅಡುಗೆಮನೆಯ ಮೇಲಣ ಅಟ್ಟದ ರಚನೆ ಬೇರೆ. ಅಲ್ಲಿ ದಬ್ಬೆಗಳ ನಡುವೆ ಬೇಕೆಂದೇ ಸಂದು ಬಿಡುವರು. ಒಲೆಯ ಹೊಗೆ ಆ ಸಂದುಗಳಲ್ಲಿ ಏರಿ, ಇರಿಸಿದ ಪದಾರ್ಥಗಳ ನಡುವೆ ಸುಳಿದು, ಹೆಂಚಿನ ಸಂದಿಯಿಂದ ಹೊರಬೀಳುವುದು. ಮಳೆಗಾಲದ ತೇವವನ್ನು ಒಣಗಿಸಿ, ಹುಳುಹುಪ್ಪಟೆಗಳನ್ನು ದೂರವಿರಿಸುವ ಈ ಹೊಗೆಯ ಆಶ್ರಯದಲ್ಲಿ ಬಿತ್ತನೆಯ ಬೀಜ, ಮುರುಗಲು ಸಿಪ್ಪೆ, ಹುಣಿಸೆ ಮೊದಲಾದವು ಸುರಕ್ಷಿತವಾಗಿರುತ್ತಿದ್ದವು. ಮಂಗಳೂರು ಸೌತೆಯನ್ನು ಮಾತ್ರ ಮೇಲಿಡದೆ, ನಾರಿನಲ್ಲಿ ಕಟ್ಟಿ ಜಂತಿಯಿಂದ ತೂಗುಬಿಡುವುದು ವಾಡಿಕೆ.

ಕೊಬ್ಬರಿಯ ಅಟ್ಟ

ಅಟ್ಟವು ಬರಿಯ ಇರಿಸುವ ಸ್ಥಳವಾಗಿರದೆ ಪದಾರ್ಥವನ್ನು ಪಕ್ವಗೊಳಿಸುವ ಸಾಧನವೂ ಆಗಬಲ್ಲುದೆಂಬುದಕ್ಕೆ ತಿಪಟೂರು, ಅರಸೀಕೆರೆ, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗು ಬೆಳೆಗಾರರ ಮನೆಗಳೇ ಸಾಕ್ಷಿ. ಎಣ್ಣೆಯ ಗಾಣಕ್ಕೆ ಹೋಗುವ ಕೊಬ್ಬರಿಯನ್ನು ಕಾಯಿ ಒಡೆದು, ಹೋಳುಗಳನ್ನು ಬಿಸಿಲಿನಲ್ಲಿಯೋ ಗೂಡಿನ ಶಾಖದಲ್ಲಿಯೋ ಕೆಲವೇ ದಿನಗಳಲ್ಲಿ ಒಣಗಿಸಿ ಮಾಡಬಹುದು. ಈ ಸೀಮೆಯ ಉಂಡೆ ಕೊಬ್ಬರಿಗೆ ಅಂಥ ಅವಸರದ ದಾರಿಯಿಲ್ಲ. ಚೆನ್ನಾಗಿ ಬಲಿತ ಕಾಯನ್ನು ಸುಲಿಯದೆ, ಮಟ್ಟೆಸಹಿತವಾಗಿಯೇ ಅಟ್ಟಕ್ಕೇರಿಸಿ, ಸುಮಾರು 8ರಿಂದ 12 ತಿಂಗಳವರೆಗೆ ಮಳೆ ಬಿಸಿಲು ಎರಡೂ ತಾಗದಂತೆ, ಆದರೆ ಕೆಳಗಿನಿಂದ ಗಾಳಿಯಾಡುವಂತೆ, ಹರಡಿಡಬೇಕು. ಒಳಗಿನ ನೀರು ಮೆಲ್ಲಮೆಲ್ಲನೆ ಇಂಗುತ್ತ ಬರುವುದು; ತಿರುಳು ಬಿಗಿದು, ಕುಗ್ಗಿ, ಕೊನೆಗೆ ಕರಟದಿಂದ ತಾನಾಗಿಯೇ ಬಿಡಿಸಿಕೊಂಡು ಉಂಡೆಯಾಗುವುದು. ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದಾಗ ನೀರಿನ ಕುಲುಕಾಟ ಕೇಳಿದರೆ ಅದಕ್ಕಿನ್ನೂ ಕಾಲವಾಗಿಲ್ಲ. ಗಿಟಕು, ಎಂದರೆ ಒಣಗಿದ ಉಂಡೆ, ಗಡಗಡನೆ ಉರುಳಿದರೆ ಇಳಿಸಲು ಅಡ್ಡಿಯಿಲ್ಲ. ಆ ಮೇಲೆ ಮಟ್ಟೆ ಸುಲಿದು, ಗಿಟಕು ಒಡೆಯದಂತೆ ಕರಟವನ್ನು ಮಾತ್ರ ಬಿಡಿಸುವುದು ಕೈಚಳಕದ ಕೆಲಸ.

ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ ರಾಶಿಯ ನಿರ್ವಹಣೆ. ಬಲಿಯದ ಕಾಯಾಗಲಿ ಬಿರುಕುಬಿಟ್ಟ ಕಾಯಾಗಲಿ ಕೊಳೆಯುವುದು. ಮೊಳೆತ ಕಾಯಲ್ಲಿ ತಿರುಳು ಮೊಳಕೆಗೆ ಆಹಾರವಾಗಿ ಕರಗುವುದು. ಆದಕಾರಣ ಏರಿಸುವ ಮುನ್ನವೇ ಆಯ್ದು, ಒಂದೊಂದು ಕೊಯ್ಲನ್ನು ಬೇರೆಬೇರೆಯಾಗಿ ಹರಡಿ, ಮೊದಲು ಏರಿದ್ದನ್ನು ಮೊದಲು ಇಳಿಸುವುದು ಅನಿವಾರ್ಯ. ಅಟ್ಟದ ಜಾಗವು ಹೀಗೆ ಕಾಲದ ಲೆಕ್ಕದಲ್ಲಿ ಹಂಚಿಹೋಗಿರುವುದರಿಂದ, ಮುಂದಿನ ಕೊಯ್ಲು ಬರುವಷ್ಟರಲ್ಲಿ ಎಲ್ಲಕ್ಕೂ ಮೊದಲು ಏರಿದ್ದು ಎಡೆ ಬಿಡದೆ ಗತ್ಯಂತರವಿಲ್ಲ.

ಇಳಿಸುವ ಕ್ರಮ

ಕೊಬ್ಬರಿ ಮಾಡದ ಮನೆಗಳಲ್ಲಿ ಇಳಿಸುವ ಕಾಲದ ಲೆಕ್ಕವನ್ನು ಋತುಗಳೂ ಹಬ್ಬಗಳೂ ಇರಿಸುತ್ತಿದ್ದವು. ಮುಂಗಾರಿಗೆ ಮುನ್ನ ಬೀಜ ಇಳಿಯುತ್ತಿದ್ದಿತು; ಮೈಸೂರು ಸೀಮೆಯಲ್ಲಿ ನವರಾತ್ರಿಗೆ ಪಟ್ಟದ ಬೊಂಬೆಗಳ ಪೆಟ್ಟಿಗೆ; ಮದುವೆಗೆ ಕೊಪ್ಪರಿಗೆ, ಕಡಾಯಿಗಳು. ದೊಡ್ಡ ಪಾತ್ರೆಗಳು ನೆರೆಹೊರೆಗೆಲ್ಲ ಎರವಲು ಹೋಗುತ್ತಿದ್ದುದರಿಂದ ಪ್ರತಿಯೊಂದು ಮನೆಯೂ ಅವನ್ನು ಹೊಂದಿರಬೇಕಾಗಿರಲಿಲ್ಲ. ಇಳಿಸಿದಾಗಲೆಲ್ಲ ಜೇಡರ ಬಲೆ ತೆಗೆದು, ತೂತಾದುದನ್ನು ಬೆಸುಗೆಗೂ ಹಿತ್ತಾಳೆಯ ಪಾತ್ರೆಯನ್ನು ಕಲಾಯಿಗೂ ಕಳುಹಿಸಿ, ಮುರಿದ ಮರವನ್ನು ಬಚ್ಚಲೊಲೆಗೆ ಹಾಕುತ್ತಿದ್ದರು. ಅಟ್ಟವನ್ನು ಚೊಕ್ಕಟಗೊಳಿಸುವುದೆಂಬ ಪ್ರತ್ಯೇಕ ಕಾರ್ಯಕ್ಕೆ ಅಲ್ಲಿ ಅವಕಾಶವೇ ಕಡಮೆ.

ಈ ವಿಂಗಡಣೆಯಲ್ಲಿ ವಿವೇಚನೆಯೂ ಅವಶ್ಯ. ಓದುವವರಿಲ್ಲದೆ ಮನೆಗಳಲ್ಲಿಯೂ ಮಠಗಳಲ್ಲಿಯೂ ಉಳಿದಿದ್ದ ತಾಳೆಗರಿಯ ಕಟ್ಟುಗಳನ್ನು ವಚನ ಸಂಶೋಧಕ ಫ. ಗು. ಹಳಕಟ್ಟಿಯವರು ಅರಸಿ ಸಂಗ್ರಹಿಸಿದುದರಿಂದಲೇ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬೆಳಕು ಕಂಡಿತು. ಮನೆಯವರಿಗೆ ಓದಲು ಬಾರದ ಕಟ್ಟನ್ನು ಬಲ್ಲವರಿಗೆ ತೋರಿಸದೆ ಒಲೆಗಾಗಲಿ ಹೊಳೆಗಾಗಲಿ ಹಾಕಲಾಗದು.

ಇಂದಿನ ಸ್ಥಿತಿ

ಗ್ಯಾಸಿನ ಒಲೆ ಬಂದು ಹೊಗೆ ನಿಂತಿತು. ಕಾಂಕ್ರೀಟಿನ ಮನೆಗಳಲ್ಲಿ ಬಚ್ಚಲಿನ ಮೇಲೋ ಮಲಗುವ ಕೋಣೆಯ ಮೇಲೋ ಕಟ್ಟಿದ ಕಿರಿದಾದ ಚಪ್ಪಡಿಗೆ ಅಟ್ಟವೆಂಬ ಹೆಸರು ಮಾತ್ರ ಉಳಿದಿದೆ. ಖಾಲಿ ರಟ್ಟಿನ ಪೆಟ್ಟಿಗೆ, ಕೆಟ್ಟ ಮಿಕ್ಸಿ, ಮಕ್ಕಳ ಹಳೆಯ ಪುಸ್ತಕಗಳು ಅದನ್ನು ತುಂಬಿ, ನಗರಗಳಲ್ಲಿ ಕಾರ್ ಶೆಡ್ಡಿಗೂ ಹರಿದಿವೆ. ಈ ಅವಸ್ಥೆ ನಮ್ಮೊಬ್ಬರದೇ ಅಲ್ಲ: ಅಮೆರಿಕದ ಲಾಸ್ ಏಂಜಲೀಸಿನಲ್ಲಿ 32 ಕುಟುಂಬಗಳ ಮನೆಗಳನ್ನು ಪರಿಶೀಲಿಸಿದ ಸಂಶೋಧಕರು, ನಾಲ್ಕರಲ್ಲಿ ಮೂರು ಪಾಲು ಗ್ಯಾರೇಜುಗಳಲ್ಲಿ ಕಾರಿಗೇ ಸ್ಥಳವಿಲ್ಲದಿದ್ದುದನ್ನು ಕಂಡರು.

ಹೆಚ್ಚು ಕಪಾಟುಗಳನ್ನು ಮಾಡಿಸುವುದರಿಂದ ಈ ತೊಡಕು ನೀಗುವಂತೆ ತೋರದು. ಪೆಟ್ಟಿಗೆಯ ಮೇಲೆ ಒಳಗಿರುವ ವಸ್ತುವಿನ ಹೆಸರಿನೊಡನೆ ಅದನ್ನು ಇಳಿಸಬೇಕಾದ ತಿಂಗಳನ್ನೂ ಬರೆದಿಡುವುದು ಮೇಲು. ಇಳಿಸುವ ಕಾಲವನ್ನು ಹೇಳಲಾಗದ ಕಾಯನ್ನು ತಿಪಟೂರಿನ ಬೆಳೆಗಾರನು ಅಟ್ಟಕ್ಕೆ ಏರಿಸುವುದಿಲ್ಲ.