ಮಿರ್ಚಿ ಬಂಡಿಯ ಕ್ಯೂಆರ್ ಪುರಾಣ

2025ರ ಜುಲೈ ಕೊನೆಯ ವಾರ. ಬೆಂಗಳೂರಿಂದ ರಾತ್ರಿ ರೈಲಿಗೆ ಹೊಸಪೇಟೆಗೆ ಬಂದವನು ಸಂಜೆ ಸೋದರಮಾವನ ಮಿರ್ಚಿ ಬಂಡಿ ಹತ್ತಿರ ನಿಂತಿದ್ದೆ. ಹಂಪಿ ನೋಡಿಕೊಂಡು ಬಂದಿದ್ದ ನಾಲ್ಕು ಹುಡುಗರು ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಫೋನ್ ತೆಗೆದರು. ಸ್ಕ್ಯಾನ್ ಮಾಡೋಕೆ ಏನೂ ಕಾಣಲಿಲ್ಲ. ಕ್ಯೂಆರ್ ಕೋಡ್ ಹಲಗೆ ಎಣ್ಣೆ ಡಬ್ಬದ ಹಿಂದೆ ಗೋಡೆ ಕಡೆ ಮುಖ ಮಾಡಿ ಕೂತಿತ್ತು.

"ರೊಕ್ಕ ಐತೇನಪಾ? ಫೋನ್‌ಪೇ ಗೀನ್‌ಪೇ ಇಲ್ಲ," ಅಂದ್ರು ಮಾವ.

ಆ ಹಲಗೆಯನ್ನು ಅಲ್ಲಿ ತೂಗುಹಾಕಿದವನು ನಾನೇ. ಹಾಗಾಗಿ ಈ ಇತಿಹಾಸದಲ್ಲಿ ನನ್ನದೂ ಒಂದು ಪಾಲಿದೆ.

ಕ್ಯೂಆರ್ ಹುಟ್ಟಿದ್ದು ದುಡ್ಡಿಗಾಗಿ ಅಲ್ಲವೇ ಅಲ್ಲ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯ ಎಂಜಿನಿಯರ್ ಮಸಾಹಿರೊ ಹರಾ ಇದನ್ನು ರೂಪಿಸಿದ್ದು ಕಾರಿನ ಬಿಡಿಭಾಗಗಳ ಲೆಕ್ಕಕ್ಕೆ. ಬಾರ್‌ಕೋಡಿನಲ್ಲಿ ಹಿಡಿಸ್ತಿದ್ದದ್ದು ಸುಮಾರು 20 ಅಕ್ಷರ. ಒಂದೇ ಪೆಟ್ಟಿಗೆಗೆ ಹಲವು ಬಾರ್‌ಕೋಡ್ ಅಂಟಿಸಿ, ಒಂದೊಂದನ್ನೂ ಓದಿಸಿ ಕಾರ್ಮಿಕರು ಸುಸ್ತಾಗ್ತಿದ್ದರು. ಹೊಸ ಚೌಕದಲ್ಲಿ 7,089 ಅಂಕಿಗಳವರೆಗೂ ತುಂಬಬಹುದಿತ್ತು. ಮೂರು ಮೂಲೆಯ ಕಪ್ಪು ಚೌಕಗಳಿಂದಾಗಿ ಯಾವ ದಿಕ್ಕಿಂದ ಹಿಡಿದರೂ ಓದಿಸಬಹುದು. ಕಾರ್ಖಾನೆಯ ಎಣ್ಣೆ, ಕೊಳೆ ಮೆತ್ತಿದರೂ ಕೆಲಸ ಮಾಡಬೇಕಲ್ಲ, ಅದಕ್ಕಾಗಿ ಸುಮಾರು 30% ಹಾಳಾದರೂ ಉಳಿದದ್ದರಿಂದ ಪೂರ್ತಿ ಮಾಹಿತಿ ತೆಗೆಯುವ ಏರ್ಪಾಡು ಅದರೊಳಗೇ ಇದೆ. ಮಾವನ ಬಂಡಿಯಲ್ಲಿ ಬಜ್ಜಿ ಎಣ್ಣೆ ಸಿಡಿದರೂ ಅದು ಓದಿಸಿಕೊಳ್ಳುತ್ತಿದ್ದ ಗುಟ್ಟು ಇದೇ. ಪೇಟೆಂಟ್ ಇದ್ದರೂ ಕಂಪನಿ ಬಳಕೆಗೆ ಶುಲ್ಕ ಕೇಳಲಿಲ್ಲ. ಹೀಗಾಗಿ ಅದು ಜಗತ್ತೆಲ್ಲ ಹರಡಿತು.

ಆದರೆ ನಮ್ಮ ಕಡೆ ಬಂದಾಗ ಅದನ್ನು ಯಾರೂ ಕ್ಯಾರೇ ಅನ್ನಲಿಲ್ಲ. 2013ರ ಸುಮಾರಿಗೆ ಕಂಪ್ಲಿಯ ನೆಂಟರ ಮದುವೆ ಕಾರ್ಡಿನ ಮೂಲೆಯಲ್ಲಿ ಒಂದು ಕ್ಯೂಆರ್ ಅಚ್ಚಾಗಿತ್ತು, ಛತ್ರದ ದಾರಿ ತೋರಿಸೋಕಂತೆ. ಅದಕ್ಕೊಂದು ಬೇರೆ ಆಪ್ ಇಳಿಸ್ಕೋಬೇಕು, 2ಜಿ ನೆಟ್‌ವರ್ಕಿನಲ್ಲಿ ಕಾಯಬೇಕು. ಅಷ್ಟರಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರನ್ನು ಕೇಳಿದರೆ ಛತ್ರದ ಬಾಗಿಲಿಗೇ ಬಿಟ್ಟು ಬರ್ತಾರೆ. "ಇದೇನಿದು, ಇರುವೆ ಮಸಿಯಲ್ಲಿ ಬಿದ್ದು ಓಡಾಡಿದಂಗೈತಿ" ಅಂತ ಅಜ್ಜಿ ನಕ್ಕಿದ್ದಳು. ನಾನೂ ನಕ್ಕಿದ್ದೆ.

ನಗು ನಿಂತದ್ದು 2016ರಲ್ಲಿ. ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, ನವೆಂಬರ್ 8ರ ರಾತ್ರಿ 500, 1000ದ ನೋಟು ಹೋದವು. ಚಲಾವಣೆಯಲ್ಲಿದ್ದ ಹಣದ ಮೌಲ್ಯದಲ್ಲಿ 86% ಅವೇ. ಮಾವ ಬೆಳಿಗ್ಗೆ ಬ್ಯಾಂಕಿನ ಸಾಲಲ್ಲಿ, ಸಂಜೆ ಖಾಲಿ ಬಂಡಿ ಮುಂದೆ. ಆ ವಾರ ಊರಿಗೆ ಬಂದವನು ದೊಡ್ಡ ಜಾಣನ ಹಾಗೆ ಒಂದು ವ್ಯಾಲೆಟ್ ಕಂಪನಿಯ ಸ್ಟಿಕ್ಕರ್ ಅಂಟಿಸಿದೆ. ಮಾವನಿಗೆ ಅದು ಉಪಯೋಗ ಅನ್ನಿಸಲಿಲ್ಲ, ಬೇರೆ ದಾರಿ ಇಲ್ಲ ಅನ್ನಿಸಿತು. ಎರಡೂ ಬೇರೆ ಬೇರೆ ಅಂತ ಆಗ ನನಗೆ ಹೊಳೆದಿರಲಿಲ್ಲ. ನೋಟು ವಾಪಸ್ ಬಂದ ಮೇಲೆ ಸ್ಟಿಕ್ಕರ್ ಮೇಲೆ ಗಣೇಶ ಹಬ್ಬದ ಕ್ಯಾಲೆಂಡರ್ ಬಂತು.

ನಿಜವಾದ ಬದಲಾವಣೆ ಆದದ್ದು ಸದ್ದಿಲ್ಲದೆ. ಮೊದಲು ಒಂದೊಂದು ಕಂಪನಿಗೆ ಒಂದೊಂದು ಸ್ಟಿಕ್ಕರ್, ಹಣ ಹೋಗ್ತಿದ್ದದ್ದು ಆಯಾ ವ್ಯಾಲೆಟ್ಟಿಗೆ. ಯುಪಿಐ ಬಂದ ಮೇಲೆ ನೇರ ಬ್ಯಾಂಕಿಗೆ. 2020ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕು, ಇನ್ನು ಹೊಸದಾಗಿ ಖಾಸಗಿ ಕ್ಯೂಆರ್ ತರುವಂತಿಲ್ಲ, 2022ರ ಮಾರ್ಚ್ 31ರೊಳಗೆ ಎಲ್ಲ ಕ್ಯೂಆರ್‌ಗಳೂ ಎಲ್ಲ ಆಪ್‌ಗಳಿಗೂ ಒಗ್ಗಬೇಕು ಅಂತ ಹೇಳಿತು. ಅದೇ ವರ್ಷ ಕೊರೊನಾ. ನೋಟು ಮುಟ್ಟೋಕೂ ಭಯ. ನೋಡ್ತಾ ನೋಡ್ತಾ ಹಂಪಿಯ ಎಳನೀರಿನವರಿಂದ ಹರಿಗೋಲಿನವರವರೆಗೆ ಎಲ್ಲರ ಹತ್ತಿರವೂ ಚೌಕ. ಸಂಡೂರಿನ ಗುಡ್ಡಗಳ ನಡುವೆ ಮಾತ್ರ ಕೆಲವು ಕಡೆ ಅದು ಗಿರಗಿರ ತಿರುಗ್ತಾನೇ ಇರ್ತಿತ್ತು. ಅಂಗಡಿಯವರು "ಆ ಬೇವಿನ ಮರದ ಹತ್ರ ಹೋಗಿ ನಿಲ್ರಿ, ಅಲ್ಲಿ ಟವರ್ ಸಿಗ್ತೈತಿ" ಅಂತ ಕಳಿಸ್ತಿದ್ದರು.

ಮಾವನಿಗೆ ನಂಬಿಕೆ ಬಂದದ್ದು ಇನ್ನೂ ತಡವಾಗಿ, ಅದೂ ಕಿವಿಯ ಮೂಲಕ. ಹಣ ಬಂದಿದ್ದನ್ನು ಕನ್ನಡದಲ್ಲಿ ಕೂಗಿ ಹೇಳುವ ಡಬ್ಬ ಬಂತಲ್ಲ, ಆಮೇಲೆ. ಅದಕ್ಕೂ ಮುಂಚೆ ಗಿರಾಕಿ ತೋರಿಸಿದ ಸ್ಕ್ರೀನು ಅಸಲಿಯೋ ನಕಲಿಯೋ ಅಂತ ಎಣ್ಣೆ ಕೈಯಲ್ಲಿ ಹೇಗೆ ನೋಡೋದು? ಇದು ಹೊಸ ಕಥೆಯೇನಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುಲ್ ರಜಾಕ್ ವರಹ, ಪರ್ತಾಬ್, ಫಣಂ ಅಂತ ಇಲ್ಲಿನ ನಾಣ್ಯಗಳ ಲೆಕ್ಕ ಬರೆದಿಟ್ಟಿದ್ದಾನೆ. ನಾಣ್ಯದ ಮೇಲೆ ಅರಸನ ಮುದ್ರೆ ಇದ್ದರೂ ಅದನ್ನು ಪರೀಕ್ಷಿಸೋಕೆ ಚಿನಿವಾರ ಬೇಕಿತ್ತು. ನಮ್ಮಜ್ಜಿ ಬೆಳ್ಳಿ ರೂಪಾಯಿಯನ್ನು ಕಲ್ಲಿಗೆ ಬಡಿದು ದನಿ ಕೇಳ್ತಿದ್ದಳು. ಮಾವ ಡಬ್ಬದ ದನಿ ಕೇಳ್ತಾರೆ, ಅಷ್ಟೇ.

ಆಮೇಲಂತೂ ಚೌಕ ಲಾಭವನ್ನೇ ತಂದಿತು. 2020ರ ಜೂನ್‌ನಲ್ಲಿ ಶುರುವಾದ ಪಿಎಂ ಸ್ವನಿಧಿ ಯೋಜನೆಯಲ್ಲಿ ಬೀದಿ ವ್ಯಾಪಾರಿಗಳಿಗೆ ಆಗ ಮೊದಲ ಕಂತು 10,000 ರೂಪಾಯಿ ಸಾಲ ಸಿಗ್ತಿತ್ತು. ತೀರಿಸಿದರೆ 20,000, ಆಮೇಲೆ 50,000 ಕೊಡ್ತಿದ್ದರು. ಡಿಜಿಟಲ್‌ನಲ್ಲಿ ಹಣ ಪಡೆದವರಿಗೆ ತಿಂಗಳಿಗೆ 100 ರೂಪಾಯಿವರೆಗೆ ಕ್ಯಾಶ್‌ಬ್ಯಾಕ್ ಇತ್ತು. ಮಾವ ಮೊದಲೆರಡು ಸಾಲ ತೀರಿಸಿ ಹೊಸ ಬಂಡಿ ಮಾಡಿಸಿದರು. ಅವರ ದುಡಿಮೆಗೆ ಜೀವನದಲ್ಲಿ ಮೊದಲ ಸಲ ಒಂದು ಲಿಖಿತ ಸಾಕ್ಷಿ ಸಿಕ್ಕಿತ್ತು.

ಅದೇ ಸಾಕ್ಷಿ 2025ರ ಜುಲೈಯಲ್ಲಿ ಹೆದರಿಸಿತು. ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಬೆಂಗಳೂರಿನ ಅಂಗಡಿಗಳಲ್ಲಿ 'ಯುಪಿಐ ಇಲ್ಲ, ನಗದು ಮಾತ್ರ' ಅನ್ನೋ ಬೋರ್ಡು ಬಂತು. ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ. ತೆರಿಗೆ ಕಟ್ಟಬೇಕಾದವರು ಕಟ್ಟಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಖಾತೆಗೆ ಬಂದದ್ದೆಲ್ಲ ವ್ಯಾಪಾರವಲ್ಲ, ವ್ಯಾಪಾರದಲ್ಲೂ ಹಾಲು, ತರಕಾರಿಗೆ ತೆರಿಗೆಯೇ ಇಲ್ಲ. ಜುಲೈ 23ರಂದು ಮುಖ್ಯಮಂತ್ರಿಗಳು ವ್ಯಾಪಾರಿಗಳ ಜೊತೆ ಸಭೆ ಮಾಡಿ, ನೋಂದಣಿ ಮಾಡಿಸಿದರೆ ಹಳೆಯ ಬಾಕಿ ಕೇಳೋದಿಲ್ಲ ಅಂದರು.

"ಮಾವ, ನಿಮ್ಮದು ವರ್ಷಕ್ಕೆ ಏಳು ಲಕ್ಷವೂ ದಾಟಲ್ಲ. ನಿಮಗ್ಯಾಕೆ ಭಯ?" ಅಂದೆ.

"ಮಿರ್ಚಿ ರೊಕ್ಕ ಒಂದೇ ಬರ್ತೈತೇನು? ಚೀಟಿ ರೊಕ್ಕ, ನಿಮ್ಮತ್ತಿ ಸಂಘದ ರೊಕ್ಕ, ನೀನು ಹಬ್ಬಕ್ಕ ಹಾಕಿದ್ದು, ಎಲ್ಲಾ ಅದರಾಗೇ ಐತಿ. ಯಾವುದು ಯಾವುದಂತ ಆ ಚೌಕಕ್ಕ ಗೊತ್ತೇನು?"

ಉತ್ತರ ಹೊಳೆಯಲಿಲ್ಲ. ನೆನಪಾದದ್ದು ಅದೇ ಕಂಪ್ಲಿ ಮನೆಯ ಇತ್ತೀಚಿನ ಮದುವೆ. ಮುಯ್ಯಿ ಬರೆಯುವ ಮೇಜಿನ ಮೇಲೆ ಕ್ಯೂಆರ್ ಇಟ್ಟಿದ್ದರು. ಸ್ಕ್ಯಾನ್ ಮಾಡಿದವರನ್ನೂ ಹಿರಿಯರೊಬ್ಬರು ತಡೆದು, ಹೆಸರು, ಊರು, ಯಾರ ಕಡೆಯವರು ಅಂತ ಕೇಳಿ ಪುಸ್ತಕದಲ್ಲಿ ಬರೆದುಕೊಳ್ತಿದ್ದರು. ಆಗ ಹಳೇ ಕಾಲದವರು ಅಂತ ನಗು ಬಂದಿತ್ತು. ಹಣ ಎಷ್ಟು ಅನ್ನೋದು ಚೌಕಕ್ಕೆ ಗೊತ್ತು, ಯಾಕೆ ಅನ್ನೋದು ಪುಸ್ತಕಕ್ಕೆ ಮಾತ್ರ ಗೊತ್ತು. ಕ್ಯೂಆರ್ ಹಾಕಿಕೊಟ್ಟ ನಾನು ಮಾವನಿಗೆ ಆ ಪುಸ್ತಕದ ವಿಷಯ ಹೇಳಿಯೇ ಇರಲಿಲ್ಲ. ನನ್ನ ಪ್ರಕಾರ ಉಪಯೋಗ ಅಂದರೆ ನನ್ನ ಜೇಬಲ್ಲಿ ಚಿಲ್ಲರೆ ಇಲ್ಲದಿರೋದು, ಅಷ್ಟೇ.

ಮಾರನೇ ದಿನ ಇಬ್ಬರೂ ಬ್ಯಾಂಕಿಗೆ ಹೋಗಿ ಬಂಡಿಗೆಂದೇ ಬೇರೆ ಖಾತೆಗೆ ಅರ್ಜಿ ಕೊಟ್ಟೆವು. ಬರುವಾಗ ಸ್ಟೇಷನರಿ ಅಂಗಡಿಯಲ್ಲಿ ಮಾವ ಒಂದು ಉದ್ದದ ಲೆಕ್ಕದ ಪುಸ್ತಕ ತಗೊಂಡರು. ದೀಪಾವಳಿಗೆ ಹೋದಾಗ ಹಲಗೆ ಮತ್ತೆ ಮುಂದಕ್ಕೆ ಬಂದಿತ್ತು. ಡಬ್ಬ "ಅರವತ್ತು ರೂಪಾಯಿ" ಅಂತ ಕೂಗಿತು. ಮಾವ ಕೈ ಒರೆಸಿಕೊಂಡು, ಕಿವಿ ಮೇಲಿದ್ದ ಪೆನ್ನು ತೆಗೆದು ಬರೆದುಕೊಂಡರು.