ಪಂಚಾಯತಿಗೆ ಇಲ್ಲದ ಅಧಿಕಾರ

ನಮ್ಮ ಕಾಸರಗೋಡಿನ ಗುಡ್ಡಗಳಲ್ಲಿ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟ. ಎರಡು ದಶಕಕ್ಕೂ ಮಿಕ್ಕಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಬಾವಿ ಮುಚ್ಚಿಕೊಳ್ಳಿ ಎಂದು ಸೂಚನೆ ಬರುತ್ತಿತ್ತಂತೆ. ಎಣ್ಮಕಜೆ ಪಂಚಾಯತಿನ ಪಡ್ರೆಯಂಥ ಊರಲ್ಲಿ ಕುಡಿಯುವ ನೀರು ಸುರಂಗದ್ದು, ತೋಡಿನದು. ತೋಡು ಮುಚ್ಚುವುದು ಹೇಗೆ?

ಪಂಚಾಯತಿಗೆ ದೂರು ಕೊಡಬಹುದು. ಆದರೆ 1968ರ ಕೀಟನಾಶಕ ಕಾಯಿದೆ ಮದ್ದು ನಿಷೇಧಿಸುವ ಅಧಿಕಾರವನ್ನು ಪಂಚಾಯತಿಗೆ ಕೊಟ್ಟೇ ಇಲ್ಲ. ರಾಜ್ಯ ಸರ್ಕಾರಕ್ಕೂ ಮೊದಲು 60 ದಿನ, ಬೇಕಾದರೆ ಇನ್ನು 30. ದೂರದ ತೇನಿಯ ಮಾರ್ಕಯನ್‌ಕೋಟ್ಟೈಗೂ ಅದೇ ಕಾಯಿದೆ.

ಹಾಗಾಗಿ 1998ರಲ್ಲಿ ಪೆರಿಯದ ಲೀಲಾಕುಮಾರಿ ಅಮ್ಮ, ಕೃಷಿ ಇಲಾಖೆಯ ನೌಕರರೇ, ಹೊಸದುರ್ಗದ ಮುನ್ಸಿಫ್ ಕೋರ್ಟಿನಿಂದ ತಡೆಯಾಜ್ಞೆ ತರಬೇಕಾಯಿತು. ಜಿಲ್ಲೆಯಲ್ಲಿ ಹೆಲಿಕಾಪ್ಟರ್ ಪೂರ್ತಿ ನಿಂತದ್ದು 2000ದ ಬಳಿಕ. ದೇಶಕ್ಕೆಲ್ಲ ತಡೆ ಬಂದದ್ದು 2011ರ ಮೇ 13ರಂದು, ಅದೂ ಸುಪ್ರೀಂ ಕೋರ್ಟಿನಿಂದ.